ಅರೆಬೆಂದ ಬಟ್ಟಲು

ತಿಗರಿಯ ಮುಂದೆ ಕೂತಾಗ ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಮಣ್ಣು ನಡುವಿಗೆ ಬಂದು ಅಲುಗಾಟ ನಿಲ್ಲಿಸುವ ಗಳಿಗೆ. ಒದ್ದೆ ಕೈಗಳ ಮಧ್ಯೆ ಮುದ್ದೆ ತಿರುಗುತ್ತಲೇ ಇರುತ್ತದೆ, ಕೈಗೆ ಮಾತ್ರ ಅದು ನಿಂತಂತೆ. ಆಮೇಲೆ ಹೆಬ್ಬೆರಳು ಇಳಿಸಿ, ಗೋಡೆ ಎತ್ತಿ, ಅಂಚು ತೀಡಿದರೆ ಬಟ್ಟಲು. ಒಂದು ಎದ್ದ ಕೂಡಲೇ ಇನ್ನೊಂದಕ್ಕೆ ಕೈ ಹೋಗುತ್ತದೆ. ಒಂದೇ ಅಳತೆಯನ್ನು ಮತ್ತೆ ಮತ್ತೆ ಎತ್ತಿದಾಗಲೇ ಅದು ಬೆರಳಿಗೆ ಹತ್ತುವುದು. ಹಾಗಾಗಿ ರಾಶಿ ಮಾಡುವುದರಲ್ಲಿ ಬರೀ ಲಾಭದ ಲೆಕ್ಕವಿಲ್ಲ, ಅಭ್ಯಾಸದ ಸುಖವೂ ಇದೆ.

ನೋಯ್ಡಾದ ಮನೆಯ ಮಹಡಿಯಲ್ಲಿ ಕಾಫಿ ಲೋಟ, ಸಾರಿನ ಬಟ್ಟಲು ಮಾಡಿ ಮಾರುವ ನನ್ನನ್ನು ಜನ ಕೇಳುವುದು ಇದನ್ನೇ: ನೂರಾರು ಮಾಡಿಟ್ಟುಕೊಳ್ಳುತ್ತೀರೋ, ಕೇಳಿದವರಿಗೆ ಕೇಳಿದಷ್ಟೇ ಮಾಡಿಕೊಡುತ್ತೀರೋ? ನಮ್ಮೂರ ಕಡೆಯ ಕುಂಬಾರರು ಎರಡನ್ನೂ ಮಾಡುತ್ತಿದ್ದರು. ಸಂತೆಗೆ ಗಾಡಿ ತುಂಬ ಮಡಕೆ, ಮದುವೆಯ ಮನೆಗೆ ಮೊದಲೇ ಹೇಳಿ ಮಾಡಿಸಿದ ಐರಾಣಿ.

ದೆಹಲಿಯ ಸುತ್ತ ಎರಡು ದಾರಿಗೂ ಗುರುಗಳಿದ್ದಾರೆ. ಬುಲಂದ್‌ಶಹರ್ ಜಿಲ್ಲೆಯ ಖುರ್ಜಾದಲ್ಲಿ ಸಾಂಚಾದ್ದೇ, ಅಂದರೆ ಅಚ್ಚಿನದ್ದೇ, ರಾಜ್ಯ. ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನ ಸಾಂಚಾದೊಳಗೆ ನೀರು ನೀರಾದ ಮಣ್ಣನ್ನು ಹುಯ್ಯುತ್ತಾರೆ. ಪ್ಲಾಸ್ಟರ್ ನೀರು ಹೀರಿ ಒಳಮೈಗೆ ಒಂದು ಪದರ ಕಟ್ಟಿದ ಮೇಲೆ ಮಿಕ್ಕದ್ದನ್ನು ಬಗ್ಗಿಸಿ ತೆಗೆಯುತ್ತಾರೆ. ಒಣಗುತ್ತ ಕುಗ್ಗಿದ ಪದರ ತಾನಾಗಿ ಬಿಟ್ಟುಕೊಳ್ಳುತ್ತದೆ. ಮೂಲ ಅಚ್ಚು ತಯಾರಿಸುವ ಖರ್ಚು ಹತ್ತು ಬಟ್ಟಲಿಗೂ ಅಷ್ಟೇ, ಸಾವಿರಕ್ಕೂ ಅಷ್ಟೇ. ಹತ್ತಕ್ಕಾಗಿ ಯಾರೂ ಅಚ್ಚು ಮಾಡಿಸುವುದಿಲ್ಲ. ಪಶ್ಚಿಮ ದೆಹಲಿಯ ಉತ್ತಮ್ ನಗರದ ಕುಂಬಾರ ಓಣಿಗಳಲ್ಲಿ ದೀಪಾವಳಿಗೆ ತಿಂಗಳುಗಳ ಮೊದಲೇ ಹಣತೆ ಮಾಡಿ ಕೂಡಿಡುತ್ತಾರೆ. ಹಬ್ಬ ಕಳೆದರೆ ಆ ರಾಶಿಗೆ ಮುಂದಿನ ಹಬ್ಬವೇ ಗತಿ. ಇನ್ನೊಂದು ದಾರಿ ಸ್ಟುಡಿಯೋ ಕುಂಬಾರಿಕೆಯದು. ಜಪಾನಿನಲ್ಲಿ ಕಲಿತು ಬಂದ ಸರ್ದಾರ್ ಗುರ್‌ಚರಣ್ ಸಿಂಗ್ 1952ರಲ್ಲಿ ಡೆಲ್ಲಿ ಬ್ಲೂ ಪಾಟರಿಯನ್ನು ಶುರುಮಾಡಿದರು. ಇಂದು ಈ ನಗರದಲ್ಲಿ ಒಂದೊಂದೇ ಪಾತ್ರೆಯ ಮೇಲೆ ಮನಸ್ಸಿಡುವ ಎಷ್ಟೋ ಮಂದಿ ಅವರ ಋಣದಲ್ಲಿದ್ದಾರೆ.

ನನ್ನಂಥವರು ನಡುವೆ ನಿಂತವರು. ನಮ್ಮ ಪರವಾಗಿ ತೀರ್ಮಾನ ಮಾಡುವುದು ಆವಿಗೆ. ಅದು ತುಂಬಿರಲಿ, ಅರ್ಧ ಖಾಲಿಯಿರಲಿ, ಕರೆಂಟಿನ ಬಿಲ್ಲು ಹೆಚ್ಚುಕಡಿಮೆ ಒಂದೇ. ಒಂದು ಸುಡುವಿಕೆಗೆ 800 ರೂಪಾಯಿ ಅಂದುಕೊಳ್ಳಿ. ಎಂಟು ಲೋಟವಿಟ್ಟರೆ ಒಂದೊಂದರ ಮೇಲೆ 100 ರೂಪಾಯಿ, ನಲವತ್ತು ಇಟ್ಟರೆ 20. ಯಾರೋ ಆರು ಲೋಟ ಬೇಕೆಂದರು ಅಂತ ಮಣ್ಣು ನಾದುವುದರಿಂದ ಶುರುಮಾಡಿದರೆ ಎರಡು ಮೂರು ವಾರ ಹಿಡಿಯುತ್ತದೆ, ಬೆಲೆ ಹೇಳಲು ನಾಲಗೆ ಏಳುವುದಿಲ್ಲ. ಹಾಗೆಂದು ನಲವತ್ತನ್ನೂ ನೀಲಿ ಮಾಡಿಟ್ಟರೆ, ಬಂದವರು ಬಿಳಿ ಕೇಳುತ್ತಾರೆ.

ಈ ಕಗ್ಗಂಟನ್ನು ಬಿಡಿಸುವ ದಾರಿ ಮಣ್ಣಿನಲ್ಲೇ ಇದೆ. ಹಸಿ ಬಟ್ಟಲು, ಪೂರ್ತಿ ಒಣಗಿದ ಮೇಲೂ, ನೀರಿಗೆ ಹಾಕಿದರೆ ಮತ್ತೆ ಮಣ್ಣು. ಬೇಡವಾದ ಸರಕನ್ನು ಹೀಗೆ ವಾಪಸು ಪಡೆಯುವ ಭಾಗ್ಯ ಎಷ್ಟು ಕಸುಬುಗಳಿಗಿದೆ? 600 ಡಿಗ್ರಿ ದಾಟಿದ ಮೇಲೆ ಆ ದಾರಿ ಮುಚ್ಚುತ್ತದೆ. ಸುಮಾರು 950 ಡಿಗ್ರಿಯ ಮೊದಲ ಸುಡುವಿಕೆಯಾದ ಬಟ್ಟಲಿಗೆ ಬಿಸ್ಕ್ ಅನ್ನುತ್ತಾರೆ. ಆಕಾರ ಗಟ್ಟಿಯಾಗಿರುತ್ತದೆ, ಮೈ ಮಾತ್ರ ಇನ್ನೂ ನೀರು ಹೀರುತ್ತದೆ, ಬಣ್ಣ ಯಾವುದೆಂದು ನಿಶ್ಚಯವಾಗಿರುವುದಿಲ್ಲ. ಈ ಸುಡುವಿಕೆಯಲ್ಲಿ ಒಂದರೊಳಗೊಂದು ಪೇರಿಸಬಹುದು, ಮೈಗೆ ಮೈ ತಾಗಿದರೂ ಅಂಟುವುದಿಲ್ಲ. ಬಣ್ಣ ಕೊಡುವ ಗ್ಲೇಜ್ ಬಳಿದ ಮೇಲೆ ಹಾಗಲ್ಲ. 1200 ಡಿಗ್ರಿಯ ಮೇಲೆ ಅದು ಗಾಜಾಗಿ ಕರಗುತ್ತದೆ, ತಾಗಿದ್ದೆಲ್ಲ ಬೆಸೆದುಕೊಳ್ಳುತ್ತದೆ.

ಆದ್ದರಿಂದ ನಾನು ಬಿಸ್ಕಿನವರೆಗೆ ರಾಶಿಯಲ್ಲಿ ಮಾಡುತ್ತೇನೆ, ಗ್ಲೇಜನ್ನು ಬೇಡಿಕೆ ಬಂದ ಮೇಲೆ ಬಳಿಯುತ್ತೇನೆ. ದರ್ಶಿನಿಯವರು ಹಿಟ್ಟು ಒಟ್ಟಿಗೆ ರುಬ್ಬಿಟ್ಟು, ಗಿರಾಕಿ ಚೀಟಿ ಕೊಟ್ಟ ಮೇಲೆ ದೋಸೆ ಹುಯ್ಯುವುದೂ ಇದೇ ಜಾಣತನ. ಇಟಲಿಯ ಬೆನೆಟನ್ ಕಂಪನಿಯೂ ಸ್ವೆಟರುಗಳನ್ನು ಬಣ್ಣವಿಲ್ಲದೆ ಹೆಣೆದಿಟ್ಟು, ಯಾವ ಬಣ್ಣ ಓಡುತ್ತಿದೆ ಎಂದು ನೋಡಿ ಆಮೇಲೆ ಅದ್ದುತ್ತಿತ್ತು.

ದೆಹಲಿಯ ಹವೆಗೂ ಇದೇ ಸರಿ. ಮೇ ತಿಂಗಳ ಲೂ ಎಂಬ ಬಿಸಿಗಾಳಿಗೆ ಲೋಟದ ತೆಳು ಹಿಡಿ ಮೊದಲು ಒಣಗಿ, ಬೆಸುಗೆಯಲ್ಲಿ ಬಿರಿಯುತ್ತದೆ. ಶ್ರಾವಣದಲ್ಲಿ ವಾರ ಕಳೆದರೂ ತಳದ ತೇವ ಹೋಗುವುದಿಲ್ಲ. ಫೆಬ್ರವರಿ, ಮಾರ್ಚ್, ಆಮೇಲೆ ಸೆಪ್ಟೆಂಬರಿನ ಕೊನೆ ತಿಗರಿಗೆ ಒಳ್ಳೆಯ ಕಾಲ. ಆಗ ಕಪಾಟು ತುಂಬಿಕೊಳ್ಳಬೇಕು. ಗ್ಲೇಜಿಗೆ ಋತುವಿನ ಹಂಗು ಅಷ್ಟಿಲ್ಲ. ದ್ವಾರಕಾದ ಕನ್ನಡದವರೊಬ್ಬರು ಗೃಹಪ್ರವೇಶಕ್ಕೆ ಹಿಡಿಯಿಲ್ಲದ ಕಾಫಿ ಲೋಟ ಬೇಕೆಂದಾಗ, "ಯಾವ ಬಣ್ಣ ಅಕ್ಕಾ?" ಎಂದು ಕೇಳಿದರೆ ಸಾಕಾಯಿತು. ಅದೇ ವಾರ ಬೇರೆ ಇಬ್ಬರ ಬೇಡಿಕೆಯನ್ನೂ ಸೇರಿಸಿ ಆವಿಗೆ ತುಂಬಿಸಿದೆ. ಗುಲಾಬಿ ಬಣ್ಣದ ಬಿಸ್ಕನ್ನು ಬಕೆಟ್ಟಿನಲ್ಲಿ ಅದ್ದಿ ಮೂರು ಎಣಿಸಿ ಎತ್ತುವಾಗ ಕೈಗೆ ಸಿಗುವ ತಂಪು, ಮೈ ನೀರು ಹೀರುವ ಆ ಸಣ್ಣ ಸದ್ದು ನನಗೆ ತುಂಬ ಪ್ರಿಯ.

ಈ ಕೆಲಸಕ್ಕಿಳಿಯುವ ಗೆಳೆಯರಿಗೆ ನನ್ನ ಮಾತು ಇಷ್ಟೇ. ಆಕಾರಗಳನ್ನು ಮೂರು ನಾಲ್ಕಕ್ಕೆ ನಿಲ್ಲಿಸಿ. ಅವನ್ನು ಕೈಗೆ ಹತ್ತುವವರೆಗೆ ಮಾಡಿ. ಬಣ್ಣದಲ್ಲಿ ಧಾರಾಳವಾಗಿರಿ. ಆವಿಗೆ ಕೊಳ್ಳುವಾಗ ತಿಂಗಳಿಗೆ ಎಷ್ಟು ಮಾರಬಲ್ಲಿರಿ ಎಂದು ಮೊದಲು ನೋಡಿ, ಅದಕ್ಕೆ ತಕ್ಕ ಗಾತ್ರದ್ದನ್ನು ತನ್ನಿ. ಆವಿಗೆ ದೊಡ್ಡದಾದಷ್ಟೂ ಅದನ್ನು ತುಂಬಿಸಲು ನಿಮಗೆ ಬೇಡದ ಬಟ್ಟಲುಗಳನ್ನು ಮಾಡಬೇಕಾಗುತ್ತದೆ.