ನಡುವಯಸ್ಸಿನ ವಿಳಾಸ

ನಲವತ್ತೈದು ದಾಟಿದವರನ್ನು ‘ತಾವು ಯಾರು’ ಎಂದು ಕೇಳಿದರೆ ಹೆಸರಿನ ಬೆನ್ನಿಗೇ ದುಡಿಯುವ ಜಾಗದ ಹೆಸರೂ ಬರುತ್ತದೆ. ವಿಶಾಖಪಟ್ಟಣದ ಅಂಚಿನ ದುವ್ವಾಡ, ಕೂರ್ಮನ್ನಪಾಲೆಂ, ಗಾಜುವಾಕಗಳ ಎಷ್ಟೋ ಮನೆಗಳಲ್ಲಿ ಆ ಜಾಗ ಒಂದೇ: ಸ್ಟೀಲ್ ಪ್ಲಾಂಟ್. ಅದು ಸುಮ್ಮನೆ ದಕ್ಕಿದ್ದಲ್ಲ. ‘ವಿಶಾಖ ಉಕ್ಕು, ಆಂಧ್ರುಲ ಹಕ್ಕು’ ಎಂದು 1966ರಲ್ಲಿ ಜನ ಬೀದಿಗಿಳಿದರು, ಗುಂಡೇಟಿಗೆ ಪ್ರಾಣ ತೆತ್ತರು. 1971ರಲ್ಲಿ ಇಂದಿರಾ ಗಾಂಧಿ ಅಡಿಗಲ್ಲು ಹಾಕಿದರು. 1992ರಲ್ಲಿ ಕಾರ್ಖಾನೆ ದೇಶಕ್ಕೆ ಸಮರ್ಪಣೆಯಾಯಿತು. ಊದುಕುಲುಮೆಗಳಿಗೆ ಗೋದಾವರಿ, ಕೃಷ್ಣಾ, ಅನ್ನಪೂರ್ಣಾ ಎಂದು ಹೆಸರಿಟ್ಟರು. ಇಂಥ ಕಡೆ ಸೇರಿದವನಿಗೆ ಸಂಬಳದ ಜೊತೆ ಊರಿನ ಮರ್ಯಾದೆಯೂ ಸಿಕ್ಕಿತು. 2021ರ ಜನವರಿಯಲ್ಲಿ ಕೇಂದ್ರ ಸರ್ಕಾರ ಕಾರ್ಖಾನೆಯ ಖಾಸಗೀಕರಣಕ್ಕೆ ತಾತ್ವಿಕ ಒಪ್ಪಿಗೆ ಕೊಟ್ಟಾಗ, ಆರಂಭದಲ್ಲಿ ಸೇರಿದ ತರುಣರು ಐವತ್ತು ದಾಟಿದ್ದರು.

‘ನಡುವಯಸ್ಸಿನ ಬಿಕ್ಕಟ್ಟು’ ಎಂಬ ಮಾತನ್ನು 1965ರಲ್ಲಿ ಚಾಲ್ತಿಗೆ ತಂದ ಮನೋವಿಶ್ಲೇಷಕ ಎಲಿಯಟ್ ಜಾಕ್ಸ್ ಹೆಚ್ಚಾಗಿ ನೋಡಿದ್ದು ಕಲಾವಿದರ ಬದುಕನ್ನು. ಸಾವು ತನಗೂ ಇದೆ ಎಂಬ ಅರಿವೇ ಅದರ ಬೇರು ಎಂದರು. ಹಾಗಾಗಿ ಇದು ಹೊಟ್ಟೆ ತುಂಬಿದವರ ಚಿಂತೆ, ಮಗಳ ಫೀಸು, ಮನೆಸಾಲದ ಕಂತು ಕಟ್ಟುವವನಿಗೆ ಪುರುಸೊತ್ತೆಲ್ಲಿ ಎಂದು ಕೇಳುವವರಿದ್ದಾರೆ. ನನಗೆ ಕಾಣುವುದು ಬೇರೆ. ಅನುಕೂಲಸ್ಥರು ‘ನಾನು ಯಾರು’ ಎಂಬ ಪ್ರಶ್ನೆಯನ್ನು ಬೇಕಾದಾಗ ಕೈಗೆತ್ತಿಕೊಳ್ಳುತ್ತಾರೆ. ದುಡಿಯುವವನ ಮನೆಗೆ ಅದು ಆದೇಶದ ರೂಪದಲ್ಲಿ ಬರುತ್ತದೆ. ಸ್ವಯಂನಿವೃತ್ತಿಯ ಅರ್ಜಿ ಮುಂದಿಟ್ಟುಕೊಂಡವನು ಬರುವ ದುಡ್ಡನ್ನು ಲೆಕ್ಕ ಹಾಕುತ್ತಲೇ, ಸಹಿ ಹಾಕಿದರೆ ನಾಳೆ ಬೆಳಿಗ್ಗೆ ತಾನು ಯಾರೆಂದೂ ಕೇಳಿಕೊಳ್ಳುತ್ತಾನೆ.

ಅದೇ ನೆಲದಲ್ಲಿ ಇನ್ನೊಂದು ಸಾಕ್ಷ್ಯವಿದೆ. ಕಾರ್ಖಾನೆಗಾಗಿ ಹಳ್ಳಿಗಳನ್ನು ಎಬ್ಬಿಸಿದಾಗ ನಡುವಯಸ್ಸಿನ ರೈತ ಒಮ್ಮೆಗೇ ನಿರಾಶ್ರಿತನಾದ. ಆ ಮನೆಗಳಿಗೆ ಪುನರ್ವಸತಿಯ ಆರ್-ಕಾರ್ಡ್ ಬಂತು. ಅದನ್ನು ಹಿಡಿದು ಕಾದ ಸಾವಿರಾರು ಜನಕ್ಕೆ ಕೆಲಸ ಬರಲಿಲ್ಲ. ಒಬ್ಬನಿಗೆ ಗುರುತು ಕೊಟ್ಟ ಕಾರ್ಖಾನೆ ಇನ್ನೊಬ್ಬನ ಗುರುತನ್ನು ಅಳಿಸಿತ್ತು. ನಮ್ಮ ಗುರುತಿನ ದೊಡ್ಡ ಪಾಲು ಬೇರೆಯವರು ಕೊಟ್ಟದ್ದು, ಕೊಟ್ಟವರು ಹಿಂದಕ್ಕೆ ತೆಗೆದುಕೊಳ್ಳಬಲ್ಲರು ಎಂಬುದಕ್ಕೆ ಇಬ್ಬರೂ ಸಾಕ್ಷಿ. ಹಾಗಾದರೆ ಹುದ್ದೆ, ಹೊಲ ಎಲ್ಲ ಮೇಲುಹೊದಿಕೆ, ಒಳಗಿರುವ ನಿಜವಾದ ‘ನಾನು’ವನ್ನು ಹುಡುಕಿಕೊಳ್ಳಿ ಎಂಬ ಉಪದೇಶವಿದೆ. ಅದನ್ನು ಒಪ್ಪಲಾರೆ. ವರ್ಷಗಟ್ಟಲೆ ಕುಲುಮೆಯ ಮುಂದೆ ನಿಂತವನು ಹರಿಯುವ ಕಬ್ಬಿಣದ ಬಣ್ಣ, ಅದರಿಂದ ಸಿಡಿಯುವ ಕಿಡಿ ನೋಡಿಯೇ ಒಳಗಿನ ಹದ ಹೇಳುತ್ತಾನೆ. ಬಿತ್ತನೆಗೆ ಮಣ್ಣು ಬಂದಿದೆಯೋ ಇಲ್ಲವೋ ರೈತನ ಬೆರಳಿಗೆ ಗೊತ್ತು. ಇದು ಹೊದಿಕೆಯಾದರೆ ಒಳಗೆ ಉಳಿಯುವುದೇನು? ಹುದ್ದೆಯೋ ಹೊಲವೋ ಹೋದರೂ ಈ ಅರಿವು ಹೋಗುವುದಿಲ್ಲ. ಎರವಲು ಬಂದದ್ದು ಯಾವುದು, ದುಡಿದು ಗಳಿಸಿದ್ದು ಯಾವುದು ಎಂದು ಬೇರ್ಪಡಿಸುವುದೇ ನಡುವಯಸ್ಸಿನ ಮರುಪರಿಶೀಲನೆ.

ಮುಂದಿನ ಪೀಳಿಗೆಯನ್ನು ಬೆಳೆಸುವುದು ಈ ವಯಸ್ಸಿನ ಮುಖ್ಯ ಕೆಲಸ ಎಂದವರು ಎರಿಕ್ ಎರಿಕ್ಸನ್. 1969ರಲ್ಲಿ ಗಾಂಧಿಯ ಬಗ್ಗೆ ಪುಸ್ತಕ ತಂದಾಗ ಅವರು ನಡುವೆ ಇಟ್ಟುಕೊಂಡದ್ದು 1918ರ ಅಹಮದಾಬಾದ್ ಗಿರಣಿ ಮುಷ್ಕರವನ್ನು. ಗಾಂಧಿಗೆ ಆಗ 48. ಬ್ಯಾರಿಸ್ಟರ್ ವೃತ್ತಿಯನ್ನು ಹಿಂದೆ ಬಿಟ್ಟಿದ್ದರೂ ವಾದ ಹೂಡುವ, ರಾಜಿ ಮಾಡಿಸುವ ಕಸುಬನ್ನು ಅವರು ಬಿಟ್ಟಿರಲಿಲ್ಲ. ಇಂಥ ತಿರುವಿಗೆ ಹೋಲಿಕೆ ದುವ್ವಾಡದ ಹಳಿಗಳಲ್ಲೇ ಇದೆ. ವಿಶಾಖಪಟ್ಟಣ ನಿಲ್ದಾಣ ಹೊಕ್ಕು ಮುಂದಕ್ಕೆ ಹೋಗುವ ದೂರದ ರೈಲು ಎಂಜಿನ್ನನ್ನು ಇನ್ನೊಂದು ತುದಿಗೆ ಕಟ್ಟಿಸಿಕೊಂಡು ಹೊರಡಬೇಕು. ಆ ತಡ ಬೇಡವೆಂದು ಕೆಲವು ರೈಲುಗಳು ದುವ್ವಾಡದಲ್ಲಿ ನಿಂತು ಹಾಗೇ ಸಾಗುತ್ತವೆ. ನಡುವಯಸ್ಸನ್ನೂ ಹಾಗೆ ದಾಟಬಹುದು, ಊರು ಮಾತ್ರ ತಪ್ಪುತ್ತದೆ. ದಿಕ್ಕು ಬದಲಿಸಿದವನಿಗೂ ಬೋಗಿಗಳು ಹಳೆಯವೇ.

ಆದರೆ ಒಬ್ಬಂಟಿಯಾಗಿ ಈ ತಿರುವನ್ನು ದಾಟಲಾಗದು. ಗಳಿಸಿದ ಅರಿವನ್ನು ಕಲಿಸಬೇಕಾದರೆ ಕಲಿಯುವವರು ಬೇಕು, ಕಲಿಸುವ ಜಾಗವೂ ಉಳಿಯಬೇಕು. ನಮ್ಮ ಭದ್ರಾವತಿಯ ಉಕ್ಕಿನ ಕಾರ್ಖಾನೆಗೂ ನೂರು ತುಂಬುವ ಹೊತ್ತಿಗೆ, 2023ರಲ್ಲಿ, ಮುಚ್ಚುವ ಮಾತು ಬಂತು. ವಿಶಾಖಪಟ್ಟಣದ ಕಾರ್ಖಾನೆಗೆ 2025ರ ಜನವರಿಯಲ್ಲಿ 11,440 ಕೋಟಿ ರೂಪಾಯಿಯ ನೆರವು ಘೋಷಣೆಯಾಯಿತು. ದುಡ್ಡು ಕುಲುಮೆಯನ್ನು ಉಳಿಸೀತು. ಹಿರಿಯ ಕೆಲಸಗಾರ ಹೊರಡುವ ಮುನ್ನ ಅವನ ಪಕ್ಕ ಒಬ್ಬ ಕಿರಿಯನನ್ನು, ಸಾಧ್ಯವಾದರೆ ಆರ್-ಕಾರ್ಡ್ ಮನೆಯವನನ್ನು, ನಿಲ್ಲಿಸಿದರೆ ಇಬ್ಬರ ಗುರುತೂ ಉಳಿದೀತು. ಅಷ್ಟು ಮಾಡದೆ ಐವತ್ತರವನಿಗೆ ‘ನಿನ್ನನ್ನು ನೀನೇ ಕಂಡುಕೋ’ ಎನ್ನುವ ಹಕ್ಕು ಯಾರಿಗೂ ಇಲ್ಲ.