ಹಲ್ಲಿನ ಲೆಕ್ಕ

ಘಟಪ್ರಭಾ ರೈಲುನಿಲ್ದಾಣದ ಸಮೀಪದ ಗ್ಯಾರೇಜೊಂದಕ್ಕೆ ಮೂಡಲಗಿಯ ಕಡೆಯ ರೈತನೊಬ್ಬನು ತನ್ನ ತಂದೆಯ ಯುದ್ಧಕಾಲದ ವಿಲ್ಲಿಸ್ ಜೀಪನ್ನು ಎಳೆಸಿ ತಂದನು. ತಂದೆಯು ತೀರಿಕೊಂಡಿದ್ದನು. ಆ ಖಂಡೇನವಮಿಗೆ ತಾಯಿಯನ್ನು ಅದರಲ್ಲಿಯೇ ಕೂಡ್ರಿಸಿಕೊಂಡು ಹೊಲಕ್ಕೆ ಹೋಗಬೇಕೆಂಬುದು ಮಗನ ಹಂಬಲ.

ಎಂಜಿನ್ನಿನ ಜೋಡಣೆ ಮುಗಿಯಿತು. ಹಳೆಯ ಫ್ಲೈವ್ಹೀಲು ಬಿರಿದಿದ್ದುದರಿಂದ ಶಿಷ್ಯನು ಗುಜರಿಯಿಂದ ಬೇರೊಂದನ್ನು ತಂದು ಹಾಕಿದ್ದನು. ಸ್ಟಾರ್ಟರನ್ನು ತುಳಿದೊಡನೆ ಕರ್ಕಶಧ್ವನಿಯೊಂದೆದ್ದು ಎಲ್ಲವೂ ಸ್ತಬ್ಧವಾಯಿತು. ಮುದುಕ ಮಿಸ್ತ್ರಿಯು ಒಂದು ಹಲ್ಲಿಗೆ ಸೀಮೆಸುಣ್ಣದ ಗುರುತು ಮಾಡಿ ಚಕ್ರವನ್ನು ತಿರುವುತ್ತ ಎಣಿಸಿದನು: 129. ಯುದ್ಧಕಾಲದ 6 ವೋಲ್ಟಿನ ಜೀಪಿಗೆ 97 ಹಲ್ಲು. ತರುವಾಯದ 12 ವೋಲ್ಟಿನವಕ್ಕೆ 129. ನಡುವೆ 124ರದೊಂದು ಬಗೆಯೂ ಉಂಟು. ಸಂಖ್ಯೆ ಹೆಚ್ಚಿದಂತೆ ಹಲ್ಲು ಸಣ್ಣದಾಗುವುದು. ಸ್ಟಾರ್ಟರಿನ ಪಿನಿಯನ್ನೂ ಅದೇ ಅಳತೆಯದಿರಬೇಕು. ಸವರ್ಣವಲ್ಲದ ಸ್ವರಗಳಿಗೆ ದೀರ್ಘಸಂಧಿ ಮಾಡಹೊರಟ ವಿದ್ಯಾರ್ಥಿಯ ಪಾಡು!

"ಕಾನಸ ಹಾಕಿ ಕೂಡಿಸಿಬಿಡ್ರಿ ಕಾಕಾ, ಹಬ್ಬ ಬಂತು," ಎಂದನು ರೈತ.

"ಇವತ್ತ ಹೊಂಡತೈತಿ ತಮ್ಮಾ, ನಾಳೆ ಹಲ್ಲ ಉದರ್ತಾವು."

ಹಲ್ಲು ಮುರಿದರೆ ಗೇರುಪೆಟ್ಟಿಗೆಯನ್ನು ಮತ್ತೆ ಇಳಿಸಬೇಕು. ಹೊಸ ಹಲ್ಲುಂಗುರವನ್ನು ಕಾಯಿಸಿ, ಹಿಗ್ಗಿರುವಾಗಲೇ ಚಕ್ರಕ್ಕೆ ತೊಡಿಸಿ ಆರಬಿಡಬೇಕು. ಅವಸರದವನಿಗೆ ಈ ಮಾತು ರುಚಿಸಲಿಲ್ಲ; ಎರಡು ದಿನ ಗ್ಯಾರೇಜಿನತ್ತ ಸುಳಿಯಲಿಲ್ಲ.

ಸರಿಹೊಂದುವ ಸ್ಟಾರ್ಟರು ಹಬ್ಬದೊಳಗೆ ದೊರೆಯಲಿಲ್ಲ. ಆದರೆ ಆ ಜೀಪಿಗೆ ಮುಂದಿನಿಂದ ತಿರುವುವ ಹ್ಯಾಂಡಲ್ಲೂ ಉಂಟಷ್ಟೆ. ನವಮಿಯ ಬೆಳಿಗ್ಗೆ ಮಿಸ್ತ್ರಿಯೇ ಬಂದು, ಹೆಬ್ಬೆರಳನ್ನು ಹಿಡಿಕೆಗೆ ಸುತ್ತದಂತೆ ಮಗನಿಗೆ ಎಚ್ಚರಿಸಿ, ತಿರುವಿಸಿದನು. ಮೂರನೆಯ ಸುತ್ತಿಗೆ ಎಂಜಿನ್ನು ಎದ್ದಿತು. ಚೆಂಡುಹೂವಿನ ಮಾಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ ತಾಯಿಯು, ಹೊಲ ಮುಟ್ಟಿದ ಮೇಲೂ, "ಬಂದ್ ಮಾಡಬ್ಯಾಡೋ," ಎಂದಳು.