ಚುಕ್ಕಾಣಿಯ ಹೊಳಪು

ಪಾತ್ರೆ ಹೊಳೆದರೆ ಗೃಹಿಣಿಗೆ ಕೀರ್ತಿ, ಮೋಟಾರು ಹೊಳೆದರೆ ಯಜಮಾನನಿಗೆ ಕೀರ್ತಿ ಎಂಬುದು ಲೋಕದ ಎಣಿಕೆ. ನಾನೂ ಅದನ್ನು ನಂಬಿಕೊಂಡಿದ್ದೆನು. ಹೋದ ಆಷಾಢದಲ್ಲಿ ಜಾಲಹಳ್ಳಿ ಕ್ರಾಸಿನ ತಿರುವಿನಲ್ಲಿ ನನ್ನ ಕೈ ಜಾರಿದ ಮೇಲೆ ಆ ನಂಬಿಕೆ ಬಿಟ್ಟುಹೋಯಿತು. ಆ ಸಂಗತಿಯನ್ನೇ ಇಲ್ಲಿ ಬರೆಯುತ್ತೇನೆ. ಹಳೆಯ ಕಾರುಳ್ಳ ಗೃಹಸ್ಥರಿಗೆ ಇದರಿಂದ ಒಂದಿಷ್ಟು ಉಪಯೋಗವಾದರೆ ಸಂತೋಷ. ಉಳಿದವರಿಗೆ ನಗೆಯಾದರೂ ದೊರೆತೀತು.

1970ರ ದಶಕದಲ್ಲಿ ತಲೆಯೆತ್ತಿದ ಪೀಣ್ಯ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಮೂವತ್ತೊಂದು ವರ್ಷ ಲೇತ್ ಯಂತ್ರದ ಮುಂದೆ ನಿಂತವನು; ಈಗ ವಿಶ್ರಾಂತನಾಗಿದ್ದೇನೆ. ನಮ್ಮ ಮನೆ ದಾಸರಹಳ್ಳಿಯಲ್ಲಿ. ಕಾರು ನಿಲ್ಲಿಸಲು ಮನೆಯೊಳಗೆ ಜಾಗವಿಲ್ಲ. 2009ರಲ್ಲಿ ಕೊಂಡ ನಮ್ಮ ಸಣ್ಣ ಕಾರು ಅಂದಿನಿಂದ ಬೀದಿಯ ಹೊಂಗೆಮರದ ಬುಡದಲ್ಲಿಯೇ ನಿಂತಿದೆ. ಬೆಳಗ್ಗೆ ನೆರಳು, ಮಧ್ಯಾಹ್ನದ ಮೇಲೆ ಬಿಸಿಲು, ವರ್ಷವೆಲ್ಲ ಧೂಳು. ಆದರೂ ಯಂತ್ರಕ್ಕೆ ಯಾವ ಜಾಡ್ಯವೂ ಇಲ್ಲ. ಮುಪ್ಪು ಬಂದುದು ಒಳಭಾಗಕ್ಕೆ ಮಾತ್ರ. ಚಾವಣಿಯ ಬಟ್ಟೆ ಜೋಲುತ್ತಿತ್ತು. ಬಾಗಿಲಿನ ಒರಗುಗೈ ಸವೆದಿತ್ತು. ಸ್ಟೀರಿಂಗ್ ಚಕ್ರವಂತೂ ಅಂಟಂಟಾಗಿ, ಹಿಡಿದವರ ಅಂಗೈಗೆ ಕರಿ ಮೆತ್ತುತ್ತಿತ್ತು.

ವೈಟ್‌ಫೀಲ್ಡಿನಲ್ಲಿ ಉದ್ಯೋಗದಲ್ಲಿರುವ ಮಗನು, “ಅಪ್ಪ, ಮಾರಿಬಿಡಿ. ಇದರ ಮೇಲೆ ದುಡ್ಡು ಸುರಿಯಬೇಡಿ” ಎಂದನು. ಮಾರುವುದು ಸುಲಭವಾಗಿರಲಿಲ್ಲ. ನನ್ನ ತಾಯಿಯವರಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗಬೇಕು. ನಾನು ಪಾಳಿಯ ಕೆಲಸದಲ್ಲಿದ್ದಾಗ, ಅತ್ತೆಯವರನ್ನು ಆಸ್ಪತ್ರೆಗೆ ಕರೆದೊಯ್ಯುವ ಸಲುವಾಗಿಯೇ ನನ್ನಾಕೆ ಐವತ್ತನೆಯ ವಯಸ್ಸಿನಲ್ಲಿ ಈ ಕಾರಿನಲ್ಲಿ ಚಾಲನೆಯನ್ನು ಕಲಿತಳು. ಬೇರೆ ಕಾರನ್ನು ಮುಟ್ಟಲು ಈಗಲೂ ಅವಳಿಗೆ ಅಂಜಿಕೆ. ಅಂಗೈಯ ಕರಿಯನ್ನು ಸೆರಗಿಗೆ ಒರಸಿಕೊಳ್ಳುತ್ತ, “ಇದಕ್ಕೊಂದು ಗತಿ ಕಾಣಿಸಿ” ಎಂದು ಮಾತ್ರ ಹೇಳುತ್ತಿದ್ದಳು.

ನಾನು ಗತಿ ಕಾಣಿಸಿದ ಬಗೆಯನ್ನು ಕೇಳಿ. ಅಂಗಡಿಯಿಂದ ಹೊಳಪು ಕೊಡುವ ಒಂದು ಸಿಂಪಡಿಕೆಯ ಡಬ್ಬಿಯನ್ನು ತಂದು ಒಳಗೆಲ್ಲ ಹೊಡೆದೆನು. ಹಲಗೆ ಹೊಳೆಯಿತು, ಬಾಗಿಲು ಹೊಳೆಯಿತು, ಚಕ್ರವೂ ಹೊಳೆಯಿತು. ಬೀದಿಯ ನಾಲ್ಕು ಮಂದಿ ಇಣಿಕಿನೋಡಿ ಹೊಗಳಿದರು. ಮರುದಿನ ತಾಯಿಯವರನ್ನು ಹಿಂದೆ ಕೂರಿಸಿಕೊಂಡು ನಾನೇ ಹೊರಟೆನು. ತುಂತುರುಮಳೆ. ಜಾಲಹಳ್ಳಿ ಕ್ರಾಸಿನಲ್ಲಿ ತಿರುಗುವಾಗ ಬಸ್ಸೊಂದು ಅಡ್ಡ ಬಂದಿತು. ಚಕ್ರವನ್ನು ಸರಕ್ಕನೆ ಎಳೆದೆನು. ಕೈ ತಿರುಗಿತು, ಚಕ್ರ ತಿರುಗಲಿಲ್ಲ! ಎಣ್ಣೆ ಸವರಿದ ಕಂಬದ ಮೇಲಿನಂತೆ ಬೆರಳುಗಳು ಜಾರಿದವು. ಬಸ್ಸಿನವನು ಜಾಣ, ನಿಲ್ಲಿಸಿಕೊಂಡನು. ಹಿಂದಿನಿಂದ ತಾಯಿಯವರು, “ಏನಾಯಿತಪ್ಪಾ?” ಎಂದರು. “ಏನೂ ಇಲ್ಲಮ್ಮ” ಎಂದೆನು. ಪಕ್ಕದಲ್ಲಿದ್ದ ನನ್ನಾಕೆ ಏನನ್ನೂ ಹೇಳಲಿಲ್ಲ. ಆ ಮೌನವು ನನಗೆ ಮನೆಯವರೆಗೂ ಭಾರವಾಯಿತು. ಮುಂದಿನ ಸರದಿ ಅವಳದು. ಅವಳ ಕೈಯೇ ಜಾರಿದ್ದರೆ?

ಆ ರಾತ್ರಿ ನನ್ನ ಕಸುಬಿನ ಬುದ್ಧಿ ತಿರುಗಿ ಬಂದಿತು. ಲೇತ್ ಯಂತ್ರದ ಕೈಚಕ್ರಕ್ಕೆ ಎಣ್ಣೆ ತಗುಲಿದರೆ ಹಳೆಯ ಮೇಸ್ತ್ರಿಗಳು ಗದರುತ್ತಿದ್ದರು. ಒರಸಿದ ಮೇಲೆಯೇ ಕೆಲಸ. ಎಣ್ಣೆ ಇರಬೇಕಾದುದು ಒಳಗೆ, ಕೈಗೆ ಸಿಗುವ ಕಡೆಯಲ್ಲಿ ಅಲ್ಲ. ಹೊಳಪಿನ ಡಬ್ಬಿಯಲ್ಲಿ ಸಾಧಾರಣವಾಗಿ ಇರುವುದು ಸಿಲಿಕೋನ್ ಎಂಬ ಜಿಡ್ಡು. ಹಲಗೆಗೆ ಅದು ಅಲಂಕಾರವಾದೀತು, ಚುಕ್ಕಾಣಿಗೆ ಅಪಾಯ. 1886ರಲ್ಲಿ ಜರ್ಮನಿಯ ಕಾರ್ಲ್ ಬೆಂಜ್ ಮಾಡಿದ ಮೋಟಾರುಗಾಡಿಗೆ ಚಕ್ರವೇ ಇರಲಿಲ್ಲ. ದೋಣಿಗಿರುವಂಥ ಒಂದು ಹಿಡಿಯಿಂದ ಅದನ್ನು ತಿರುಗಿಸಬೇಕಾಗಿತ್ತು. ಹಿಡಿಯೇ ಆಗಲಿ, ಚಕ್ರವೇ ಆಗಲಿ, ಅದು ಇರುವುದು ಹಿಡಿತಕ್ಕಾಗಿ.

ಮರುದಿನ ಡಬ್ಬಿಯನ್ನು ಅಟ್ಟಕ್ಕೆ ಹಾಕಿ, ಒಂದು ಚೊಂಬು ಉಗುರುಬೆಚ್ಚನೆಯ ನೀರಿಗೆ ನಾಲ್ಕು ಹನಿ ಸೌಮ್ಯವಾದ ಸಾಬೂನಿನ ದ್ರವವನ್ನು ಬೆರಸಿ, ಬಟ್ಟೆಯನ್ನು ಅದ್ದಿ ಚೆನ್ನಾಗಿ ಹಿಂಡಿ, ಚಕ್ರವನ್ನು ಒರಸತೊಡಗಿದೆನು. ಗೆರೆಗಳಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಮೆಲ್ಲಗೆ ಆಡಿಸಿದೆನು. ನೀರು ಮೂರು ಸಲ ಇದ್ದಲಿನಂತೆ ಕಪ್ಪಾಯಿತು. ನಾಲ್ಕನೆಯ ಸಲ ತಿಳಿಯಾದಾಗ, ನಾನು ಸವಕಳಿಯೆಂದು ತಿಳಿದಿದ್ದುದರಲ್ಲಿ ಅರ್ಧಕ್ಕೂ ಮಿಕ್ಕು ಬರಿಯ ಕೊಳೆಯೆಂಬುದು ಬಯಲಾಯಿತು. ಇಷ್ಟು ವರ್ಷ ಮಿರಮಿರನೆ ಕಾಣುತ್ತಿದ್ದುದು ನಮ್ಮ ಕೈಗಳ ಜಿಡ್ಡು! ಶುದ್ಧವಾದ ಚಕ್ರ ಹೊಳೆಯುವುದಿಲ್ಲ, ಮಂಕಾಗಿರುತ್ತದೆ.

ನಿಜವಾದ ಸವಕಳಿ ಇದ್ದುದು ಗಡಿಯಾರದ ಹತ್ತು ಮತ್ತು ಎರಡು ಗಂಟೆಗಳ ಸ್ಥಾನಗಳಲ್ಲಿ. ಅದರಲ್ಲಿಯೂ ಬಲಗಡೆ ಹೆಚ್ಚು. ನಮ್ಮ ದೇಶದ ಕಾರುಗಳಲ್ಲಿ ಗೇರು ಎಡಗೈಯ ಪಾಲು. ಚಕ್ರವನ್ನು ಬಿಡದೆ ಹಿಡಿದಿರುವುದು ಬಲಗೈ. ಕಿಟಕಿಯ ಬಿಸಿಲೂ ಆ ಕಡೆಗೇ ಹತ್ತಿರ. ಚಕ್ರದ ಮೈ ಪಾಲಿಯುರೆಥೇನ್ ಎಂಬ ಕೃತಕ ವಸ್ತುವಿನದು. ಬೆವರು, ತೇವ, ಶಾಖಗಳು ಸೇರಿ ವರ್ಷಗಳ ಮೇಲೆ ಅದರ ಕಟ್ಟನ್ನು ಸಡಿಲಿಸುತ್ತವೆ. ಆಗ ಅದು ಅಂಟಾಗುತ್ತದೆ. 2020ರಿಂದೀಚೆಗೆ ನಾವೆಲ್ಲ ಕೈಗೆ ಸವರಿಕೊಂಡ ಸ್ಯಾನಿಟೈಸರಿನ ಮದ್ಯಸಾರವೂ ಇಂಥ ಮೈಗೆ ಹಿತವಲ್ಲ. ಚಕ್ರದ ಕಡ್ಡಿಗಳ ಮೇಲೆ ಸಣ್ಣ ಸಣ್ಣ ಗೀರುಗಳೂ ಕಂಡವು. ಅವು ಎಲ್ಲಿಂದ ಬಂದವೆಂದು ಬಹಳ ಯೋಚಿಸಿದೆನು. ನನ್ನಾಕೆಯ ಬಳೆಗಳ ಗುರುತು ಅವು! ಅವನ್ನು ಉಜ್ಜಲು ಹೋಗಲಿಲ್ಲ.

ಒಂದು ರಾತ್ರಿ ನೆರಳಿನಲ್ಲಿ ಒಣಗಿಸಿ, ಏರುಪೇರಾದ ಕಡೆಯನ್ನು 600ನೆಯ ನಂಬರಿನ ಉಪ್ಪುಕಾಗದದಿಂದ ಹಗುರವಾಗಿ ತಿಕ್ಕಿ, ಜೆ. ಸಿ. ರಸ್ತೆಯ ಅಂಗಡಿಯಿಂದ ಹೊಲಿಯುವ ತೊಗಲುಹೊದಿಕೆಯೊಂದನ್ನು ತಂದೆನು. ಚಕ್ರದ ಅಡ್ಡಳತೆ 37 ಸೆಂಟಿಮೀಟರ್. ಅಳತೆ ನೋಡಿಯೇ ಕೊಂಡೆನು. ಸುಮ್ಮನೆ ತೊಡಿಸುವ ಸಡಿಲ ಹೊದಿಕೆಗಳು ಅಗ್ಗವಾಗಿ ಸಿಗುತ್ತವೆ. ಆದರೆ ತಿರುವಿನಲ್ಲಿ ಹೊದಿಕೆಯೇ ಚಕ್ರದ ಮೇಲೆ ಜಾರಿದರೆ, ಎಣ್ಣೆಯ ಕಥೆಯೇ ಮತ್ತೆ.

ಎರಡು ಸೂಜಿ, ಮೇಣದ ದಾರ. ಹೊಲಿಗೆಯನ್ನು ನಾನೇ ಆರಂಭಿಸಿದೆನು. ಹತ್ತು ಹೊಲಿಗೆಯಾಗುವಷ್ಟರಲ್ಲಿ ಒಂದು ತೂತು ಹರಿಯಿತು. ನನ್ನಾಕೆ ಬಂದು ನೋಡಿ, “ಇದೇನು ರೀ, ಮೂಟೆ ಹೊಲಿಯುತ್ತಿದ್ದೀರಾ? ಈಚೆ ಬನ್ನಿ” ಎಂದಳು. ಅವಳು ಪೀಣ್ಯದ ಸಿದ್ಧ ಉಡುಪಿನ ಕಾರ್ಖಾನೆಯೊಂದರಲ್ಲಿ ಎಂಟು ವರ್ಷ ದುಡಿದವಳು. ಈ ವಿದ್ಯೆಯನ್ನು ನಾನು ಒಂದು ದಿನವೂ ವಿದ್ಯೆಯೆಂದು ಎಣಿಸಿರಲಿಲ್ಲ. ಅವಳು ನನ್ನ ಹೊಲಿಗೆಯನ್ನೆಲ್ಲ ಬಿಚ್ಚಿದಳು. ಹೊದಿಕೆಯನ್ನು ಅರ್ಧ ಗಂಟೆ ಬಿಸಿಲಿಗಿಟ್ಟು ಮೆದು ಮಾಡಿದಳು. ಮೊದಲು ಮೇಲೆ ಕೆಳಗೆ ಎರಡು ಕಡೆ ದಾರ ಕಟ್ಟಿ ನೆಲೆ ನಿಲ್ಲಿಸಿ, ಹೊಲಿಗೆಯ ಸಾಲು ಒಳಮಗ್ಗುಲಿಗೆ ಬರುವಂತೆ ನೋಡಿಕೊಂಡು, ಎಲ್ಲವನ್ನೂ ಒಂದೇ ಬಿಗಿಯಲ್ಲಿ ಎಳೆಯುತ್ತ ಬಂದಳು. “ಒಂದೇ ಏಟಿಗೆ ಬಿಗಿಯಬಾರದು. ಸುತ್ತು ಮುಗಿದ ಮೇಲೆ ಮತ್ತೊಂದು ಸಲ ಮೊದಲಿನಿಂದ ಬಿಗಿಯಬೇಕು” ಎಂದು ಹೇಳಿಕೊಟ್ಟಳು. ನಾಲ್ಕು ಗಂಟೆಯ ಕೆಲಸ. ನನಗೆ ಉಳಿದ ಉದ್ಯೋಗ ದಾರಕ್ಕೆ ಮೇಣ ಸವರುವುದು. ಕೊನೆಗೆ ಇಬ್ಬರೂ ಬಲವಾಗಿ ಹಿಡಿದು ತಿರುಚಿ ನೋಡಿದೆವು. ಹೊದಿಕೆ ಕೂದಲೆಳೆಯಷ್ಟೂ ಸರಿಯಲಿಲ್ಲ.

ಉಳಿದ ಕೆಲಸವೂ ಒಂದು ವಾರದಲ್ಲಿ ಮುಗಿಯಿತು. ಬಾಗಿಲಿನ ಹಲಗೆಯನ್ನು ಹಿಡಿದಿರುವ ಪ್ಲಾಸ್ಟಿಕ್ ಗುಬ್ಬಿಗಳು ತಿರುಪುಳಿಯಿಂದ ಮೀಟಿದರೆ ಮುರಿಯುತ್ತವೆ. ದೋಸೆ ಮಗುಚುವ ಮರದ ಕೈಯಿಂದ ಮೀಟಿದೆನು. ಅದು ಅಡಿಗೆಮನೆಗೆ ಹಿಂದಿರುಗಿದಾಗ ವಿಚಾರಣೆ ನಡೆಯಿತೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಚಾವಣಿಯ ಬಟ್ಟೆಯ ಹಿಂದಿನ ಸ್ಪಂಜು ಹಿಟ್ಟಾಗಿತ್ತು. ಅದರ ಮೇಲೆಯೇ ಅಂಟು ಬಳಿದರೆ ನಾಲ್ಕು ದಿನವೂ ನಿಲ್ಲದು. ಹಿಟ್ಟನ್ನೆಲ್ಲ ಕೆರೆದು ತೆಗೆದ ಮೇಲೆಯೇ ಹೊಸ ಬಟ್ಟೆಯನ್ನು ಅಂಟಿಸಿದೆವು.

ಒಂದು ಎಚ್ಚರಿಕೆಯನ್ನು ಇಲ್ಲಿ ಹೇಳದಿದ್ದರೆ ತಪ್ಪಾದೀತು. ನಮ್ಮದು ಗಾಳಿಚೀಲವಿಲ್ಲದ ಹಳೆಯ ಕಾರು. 2019ರ ಜುಲೈ 1ರಿಂದ ಮಾರಾಟಕ್ಕೆ ಬರುವ ಹೊಸ ಕಾರುಗಳಲ್ಲಿ ಚಾಲಕನ ಮುಂದೆ ಗಾಳಿಚೀಲ ಇರಲೇಬೇಕೆಂಬ ನಿಯಮವಿದೆ. ಅದು ಚಕ್ರದ ನಡುವೆ ಮಡಿಸಿಟ್ಟಿದ್ದು, ಡಿಕ್ಕಿಯಾದಾಗ ಕಣ್ಣೆವೆ ಇಕ್ಕುವುದರೊಳಗೆ ಸಿಡಿದು ಉಬ್ಬುತ್ತದೆ. ಅಂಥ ಚಕ್ರವನ್ನು ಮನೆಯಲ್ಲಿ ಬಿಚ್ಚಲೇಕೂಡದು. ನಡುಭಾಗದ ಮೇಲೆ ಯಾವ ಹೊದಿಕೆಯನ್ನೂ ಹಾಕಕೂಡದು. ಹಿಂಡಿದ ಬಟ್ಟೆಯಿಂದ ಒರಸುವುದಷ್ಟೇ ಗೃಹಸ್ಥನ ಪಾಲು. ಉಳಿದುದು ಬಲ್ಲವರ ಪಾಲು.

ಈಗ ನನ್ನಾಕೆ ಎಂದಿನಂತೆ ತಾಯಿಯವರನ್ನು ಆಸ್ಪತ್ರೆಗೆ ಕರೆದೊಯ್ಯುತ್ತಾಳೆ. ಸೆರಗಿನಲ್ಲಿ ಕರಿಯಿಲ್ಲ. ಮೊನ್ನೆ ಭಾನುವಾರ ಮಗನು ಬಂದವನು ಕಾರಿನ ಬಾಗಿಲು ತೆಗೆದು ನೋಡಿ, “ಇಷ್ಟು ಕಷ್ಟಪಟ್ಟಿರಿ, ಸ್ವಲ್ಪವೂ ಹೊಳಪೇ ಇಲ್ಲವಲ್ಲ ಅಪ್ಪ!” ಎಂದನು.

ನಾನು ಉಪನ್ಯಾಸಕ್ಕೆ ಗಂಟಲು ಸರಿಮಾಡಿಕೊಳ್ಳುತ್ತಿದ್ದೆನು. ಅಷ್ಟರಲ್ಲಿ ಅವನ ತಾಯಿ ಒಳಗಿನಿಂದಲೇ, “ನೋಡಬೇಡ ಕಣೋ, ಹಿಡಿದು ನೋಡು” ಎಂದಳು.